ಮಲೆನಾಡಿನ ಕಾಡಲ್ಲಿ ಒಬ್ಬರೇ ಮೂರು ರಾತ್ರಿ: ಯಾವುದು ಮೊದಲು, ಯಾವುದು ಆಮೇಲೆ

ಕಾಡಲ್ಲಿ ಒಬ್ಬರೇ ಇದ್ದು ಬರುತ್ತೇನೆ ಅಂತ ಹೊರಟ ಬಹಳ ಜನ ಮೊದಲ ರಾತ್ರಿಗೇ ಸಾಕಾಗಿ ವಾಪಸ್ ಬರುತ್ತಾರೆ. ಅವರನ್ನು ಸೋಲಿಸೋದು ಹೆಚ್ಚಿನ ಸಲ ಒದ್ದೆ. ರಾತ್ರಿ ಎರಡು ಗಂಟೆಗೆ ಬಟ್ಟೆ, ಹೊದಿಕೆ ಎಲ್ಲ ತೊಯ್ದು, ಬೆಂಕಿ ಹತ್ತದೆ, ಮೈ ನಡುಗುತ್ತಾ ಬೆಳಕು ಹರಿಯೋದನ್ನೇ ಕಾದು ಕೂತಿರುತ್ತಾರೆ. ಚೀಲ ಬಿಚ್ಚಿ ನೋಡಿದರೆ ಬೇಕಾದ ಸಾಮಾನೆಲ್ಲ ಇರುತ್ತದೆ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ.

ಈ ಬರಹ ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿಗೆ, ಅಂದರೆ ಆಗುಂಬೆ, ಹೊಸನಗರ, ಶೃಂಗೇರಿ, ಸಕಲೇಶಪುರ, ಕೊಡಗಿನ ಕಡೆಯ ಕಾಡಿಗೆ. ಬಂಡೀಪುರದಂಥ ಒಣ ಕಾಡಿನ ಲೆಕ್ಕವೇ ಬೇರೆ. ಟೆಂಟ್ ಇಲ್ಲ. ಒಂದು ಟಾರ್ಪಾಲ್, ಹಗ್ಗ, ಎರಡು ಮರದ ನಡುವೆ ಕಟ್ಟಿ ಮಲಗುವ ಜೋಲಿ, ಕತ್ತಿ. ಮೂರು ರಾತ್ರಿ.

ಎರಡು ನಿಯಮ ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ರಾತ್ರಿಗೆ ಬೇಕಾದ ಕೆಲಸವೆಲ್ಲ ಸಂಜೆ 4 ಗಂಟೆಯೊಳಗೆ ಮುಗಿದಿರಬೇಕು. ಒಂದು ಜೊತೆ ಒಣ ಬಟ್ಟೆ ಯಾವ ಕಾರಣಕ್ಕೂ ಒದ್ದೆಯಾಗಬಾರದು. ಕೆಳಗಿರುವ ಮಿಕ್ಕ ಮಾತೆಲ್ಲ ಈ ಎರಡನ್ನು ಕಾಪಾಡಿಕೊಳ್ಳೋಕೆ.

## 1. ಜಾಗ ಮತ್ತು ಅನುಮತಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಆಗುಂಬೆ ಸುತ್ತಲಿನ ಸೋಮೇಶ್ವರ, ಕೊಡಗಿನ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯ ಇಲ್ಲೆಲ್ಲ ನಿಮ್ಮಷ್ಟಕ್ಕೆ ಹೋಗಿ ಮಲಗುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆ ಎರಡರಲ್ಲೂ ಅದು ಅಪರಾಧ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು, ಮರ ಕಡಿಯೋದು ಇನ್ನೂ ದೊಡ್ಡ ತಪ್ಪು. ಅನುಮತಿ ಇಲ್ಲದೆ ಒಳಗೆ ಹೋದವರು ಅಪಾಯ ಬಂದಾಗಲೂ ಫೋನ್ ಮಾಡೋಕೆ ಹಿಂಜರಿಯುತ್ತಾರೆ. ಆ ಹಿಂಜರಿಕೆಯೇ ಜೀವ ತೆಗೆಯಬಹುದು.

ಹಾಗಾದರೆ ಎಲ್ಲಿ? ಮಲೆನಾಡಿನ ಅನೇಕ ತೋಟಗಳ ಮೇಲ್ಭಾಗದಲ್ಲಿ ಸಾಗುವಳಿ ಮಾಡದೆ ಬಿಟ್ಟ ಖಾಸಗಿ ಕಾಡು ಇರುತ್ತದೆ. ಪರಿಚಯದ ತೋಟದವರನ್ನು ಕೇಳಿ, ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ. ಅವರ ಗಡಿ ಎಲ್ಲಿ ಮುಗಿದು ಸರ್ಕಾರಿ ಕಾಡು ಎಲ್ಲಿ ಶುರುವಾಗುತ್ತದೆ ಅಂತ ಹಗಲಲ್ಲೇ ಜೊತೆಗೆ ನಡೆದು ತೋರಿಸಿಕೊಳ್ಳಿ. ಹತ್ತಿರದ ಅರಣ್ಯ ಕಚೇರಿಗೂ ವಿಷಯ ತಿಳಿಸಿ. ಆನೆ ಈ ವಾರ ಯಾವ ಕಡೆ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಆನೆ ಓಡಾಟ ಇದೆ ಅಂದರೆ ಆ ಸಲ ಬಿಟ್ಟುಬಿಡಿ, ಚರ್ಚೆ ಬೇಡ.

ಮೊದಲ ಸಲಕ್ಕೆ ಬಿಡಾರ ಮನೆಯಿಂದ ಅರ್ಧ ಗಂಟೆ ನಡಿಗೆಗಿಂತ ದೂರ ಇರಬಾರದು. ಒಂಟಿತನ ಸಿಗೋಕೆ ಅಷ್ಟು ದೂರ ಧಾರಾಳ ಸಾಕು.

## 2. ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಆಗ ಒಂಟಿಯಾಗಿ ಕಲಿಯೋಕೆ ಹೋಗೋದು ಸರಿಯಲ್ಲ.

ಡಿಸೆಂಬರ್‌ನಿಂದ ಮೇ ವರೆಗೆ ಇನ್ನೊಂದು ತೊಂದರೆ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ರೋಗ ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದಿಂದ ಬರುತ್ತದೆ. ಮರಿ ಉಣುಗುಗಳ ಕಾಟ ಜಾಸ್ತಿ ಇರೋದು ಚಳಿ ಮತ್ತು ಬೇಸಿಗೆಯಲ್ಲೇ. ಜೊತೆಗೆ ಜನವರಿಯ ನಂತರ ತರಗೆಲೆ ಒಣಗಿ ಕಾಡ್ಗಿಚ್ಚಿನ ಭಯ.

ಉಳಿಯೋದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆ. ಹಳ್ಳದಲ್ಲಿ ನೀರಿರುತ್ತದೆ, ನೆಲ ತಂಪಾಗಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಅದಕ್ಕೆ ತಯಾರಾಗಿಯೇ ಹೋಗಬೇಕು. ಆ ಪ್ರದೇಶದಲ್ಲಿ ಮಂಗ ಸತ್ತು ಬಿದ್ದ ಸುದ್ದಿ ಇದ್ದರೆ ಯಾವ ತಿಂಗಳಾದರೂ ಹೋಗಬೇಡಿ.

## 3. ಚೀಲದಲ್ಲಿ ಏನಿರಬೇಕು

ಒಟ್ಟು ತೂಕ 12 ಕೆಜಿ ದಾಟದ ಹಾಗೆ ನೋಡಿಕೊಳ್ಳಿ. ದಾಟಿದರೆ ಇಳಿಜಾರಲ್ಲಿ ಮಂಡಿ ಹೇಳುತ್ತದೆ.

ಟಾರ್ಪಾಲ್ 10 ಅಡಿಗೆ 12 ಅಡಿ, ಅಂಚಿನಲ್ಲಿ ರಿಂಗ್ ಇರುವಂಥದ್ದು. ಇದಕ್ಕಿಂತ ಸಣ್ಣದು ತಂದವರೇ ರಾತ್ರಿ ಒದ್ದೆಯಾಗೋದು. ಮಳೆ ನೇರ ಬೀಳೋದಿಲ್ಲ, ಓರೆಯಾಗಿ ಎರಚುತ್ತದೆ. ನೈಲಾನ್ ಹಗ್ಗ ಸುಮಾರು 100 ಅಡಿ. ಜೋಲಿ ಒಂದು, ಅದನ್ನು ಮರಕ್ಕೆ ಕಟ್ಟೋಕೆ ಅಗಲದ ಪಟ್ಟಿ ಎರಡು. ಸೊಳ್ಳೆ ಪರದೆ. ಕಂಬಳಿ ಅಥವಾ ತೆಳು ಸ್ಲೀಪಿಂಗ್ ಬ್ಯಾಗ್. ಮಲಗುವ ಫೋಮ್ ಚಾಪೆ.

ಬಟ್ಟೆ ಎರಡೇ ಜೊತೆ. ಹಗಲಿನದ್ದು ಬೇಗ ಆರುವ ಪಾಲಿಸ್ಟರ್, ಪೂರ್ತಿ ತೋಳು, ಪೂರ್ತಿ ಕಾಲು. ಜೀನ್ಸ್ ಖಂಡಿತ ಬೇಡ, ಒಮ್ಮೆ ನೆಂದರೆ ಮೂರು ದಿನ ಆರೋದಿಲ್ಲ. ರಾತ್ರಿಯದ್ದು ಉಣ್ಣೆಯ ಬನಿಯನ್ನೋ ಸ್ವೆಟರೋ, ಪೈಜಾಮ, ಎರಡು ಜೊತೆ ಕಾಲುಚೀಲ. ಈ ರಾತ್ರಿಯ ಜೊತೆ, ಕಂಬಳಿ, ಬೆಂಕಿಪೊಟ್ಟಣ ಮೂರನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ತಿರುಚಿ ಮಡಚಿ ಕಟ್ಟಿ. ಆಮೇಲೆ ಇನ್ನೊಂದು ಚೀಲದಲ್ಲಿ ಹಾಕಿ ಮತ್ತೆ ಕಟ್ಟಿ. ಬ್ಯಾಗಿನ ಮೇಲೆ ಹೊದಿಸುವ ಮಳೆಕವರನ್ನು ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಒಳಗೆ ಇಳಿದೇ ಇಳಿಯುತ್ತದೆ.

ಕತ್ತಿ ಮತ್ತು ಸಣ್ಣ ಚಾಕು. ಕತ್ತಿಯನ್ನು ಹೊರಡುವ ಮೊದಲೇ ಮಸೆದಿರಬೇಕು. ಮೊಂಡು ಕತ್ತಿಗೆ ಬಲ ಜಾಸ್ತಿ ಹಾಕುತ್ತೀರಿ, ಜಾರಿದರೆ ಮೊಣಕಾಲಿಗೇ ಬರುತ್ತದೆ. ಹೆಡ್‌ಟಾರ್ಚ್ ಒಂದು, ಕೈಟಾರ್ಚ್ ಒಂದು, ಹೆಚ್ಚುವರಿ ಸೆಲ್. ಸೀಟಿ ಕುತ್ತಿಗೆಯಲ್ಲೇ ತೂಗಾಡುತ್ತಿರಲಿ, ಚೀಲದೊಳಗಿನ ಸೀಟಿ ಉಪಯೋಗಕ್ಕೆ ಬರೋದಿಲ್ಲ. ದಿಕ್ಸೂಚಿ. ಪವರ್ ಬ್ಯಾಂಕ್. ಒಂದು ಅಲ್ಯೂಮಿನಿಯಂ ಪಾತ್ರೆ, ಲೋಟ, ಚಮಚ. ಎರಡು ಲೀಟರ್ ನೀರಿನ ಬಾಟಲಿ, ಕ್ಲೋರಿನ್ ಮಾತ್ರೆ. ಬೈರಾಸು (ತೆಳು ಟವೆಲ್) ಎರಡು. ಇದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ, ಒರೆಸೋಕೆ, ನೀರು ಸೋಸೋಕೆ, ಮುರಿದ ಕೈ ಕಟ್ಟೋಕೆ ಎಲ್ಲಕ್ಕೂ ಆಗುತ್ತದೆ.

ಔಷಧಿ ಡಬ್ಬಿಯಲ್ಲಿ ಬ್ಯಾಂಡೇಜ್ ಬಟ್ಟೆ, ಅಯೋಡಿನ್ ಮುಲಾಮು, ಪ್ಯಾರಾಸಿಟಮಾಲ್, ಓಆರ್‌ಎಸ್, ಅಲರ್ಜಿ ಮಾತ್ರೆ, ಚೂಪು ತುದಿಯ ಚಿಮುಟ, ನೀವು ದಿನಾ ತಗೊಳ್ಳುವ ಮಾತ್ರೆ.

## 4. ಹಿತ್ತಲಲ್ಲಿ ಒಂದು ರಾತ್ರಿ

ಇದನ್ನು ಬಿಟ್ಟೇ ಹೆಚ್ಚಿನವರು ಕಾಡಿಗೆ ಹೋಗೋದು. ದಯವಿಟ್ಟು ಬಿಡಬೇಡಿ. ಮಳೆ ಬರುವ ಒಂದು ದಿನ ಮನೆಯ ಹಿತ್ತಲಲ್ಲೋ ನೆಂಟರ ತೋಟದಲ್ಲೋ ಟಾರ್ಪಾಲ್ ಕಟ್ಟಿ ಬೆಳಗಿನ ತನಕ ಮಲಗಿ. ಎಲ್ಲಿ ಸೋರುತ್ತದೆ, ಬೆನ್ನಿಗೆ ಎಷ್ಟು ಚಳಿ, ಕತ್ತಲಲ್ಲಿ ಟಾರ್ಚ್ ಕೈಗೆ ಸಿಗುತ್ತದೋ ಇಲ್ಲವೋ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಗಂಟು ಹಾಕೋದನ್ನು ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಅಭ್ಯಾಸ ಮಾಡಿ. ಬೇಕಾಗೋದು ಎರಡೇ, ಬಿಗಿದು ನಿಲ್ಲುವ ಒಂದು, ಎಳೆದರೆ ಬಿಚ್ಚುವ ಒಂದು.

## 5. ಒಳಗೆ ನಡೆಯುವಾಗ

ಹೊರಡುವ ಮೊದಲು ಇಬ್ಬರಿಗೆ ಹೇಳಿ, ಒಬ್ಬರು ತೋಟದವರು, ಇನ್ನೊಬ್ಬರು ಮನೆಯವರು. ಎಲ್ಲಿ ಇರುತ್ತೀರಿ, ಯಾವ ದಿನ ಎಷ್ಟು ಗಂಟೆಗೆ ಹೊರಗೆ ಬರುತ್ತೀರಿ, ಆ ಹೊತ್ತಿನ ನಂತರ ಎಷ್ಟು ತಾಸು ಕಾದು ಹುಡುಕೋಕೆ ಶುರು ಮಾಡಬೇಕು, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಬೆಳಿಗ್ಗೆಯೇ ಹೊರಡಿ, 11 ಗಂಟೆಯೊಳಗೆ ಬಿಡಾರದ ಜಾಗ ಮುಟ್ಟಬೇಕು. ದಟ್ಟ ಕಾಡಲ್ಲಿ ಫೋನಿನ ಜಿಪಿಎಸ್ ಆಗಾಗ ಹತ್ತಾರು ಮೀಟರ್ ಪಕ್ಕಕ್ಕೆ ತೋರಿಸುತ್ತದೆ, ಅದೊಂದನ್ನೇ ನಂಬಬಾರದು. ಐದು ನಿಮಿಷಕ್ಕೊಮ್ಮೆ ನಿಂತು ಹಿಂದೆ ತಿರುಗಿ ನೋಡಿ. ಬರುವಾಗ ಕಾಣುವ ಕಾಡೇ ಬೇರೆ, ವಾಪಸ್ ಹೋಗುವಾಗ ಕಾಣುವ ಕಾಡೇ ಬೇರೆ. ಕವಲು ಬಂದಲ್ಲಿ ಬಣ್ಣದ ಬಟ್ಟೆಚೂರು ಕಟ್ಟಿ, ವಾಪಸ್ ಬರುವಾಗ ಬಿಚ್ಚಿಕೊಂಡು ಬನ್ನಿ.

ಕೈ ಇಡುವ ಜಾಗವನ್ನು ನೋಡಿಯೇ ಇಡಿ. ಬಿದ್ದ ಮರ ದಾಟುವಾಗ ಮೊದಲು ಮರದ ಮೇಲೆ ಹತ್ತಿ ಆಚೆ ಬದಿ ನೋಡಿ, ಆಮೇಲೆ ಇಳಿಯಿರಿ. ನೇರ ಕಾಲು ಹಾಕಿದರೆ ಅಲ್ಲಿ ಮಂಡಲದ ಹಾವು ಇರಬಹುದು. ಬೆತ್ತದ ಮೆಳೆಯನ್ನು ಸುತ್ತಿ ಹೋಗಿ, ಒಳಗೆ ನುಗ್ಗಿದರೆ ಕೊಕ್ಕೆ ಮುಳ್ಳು ಬಟ್ಟೆ ಬಿಡೋದಿಲ್ಲ. ಮುಟ್ಟಿದರೆ ಮೈ ತುರಿಸುವ ತುರಚೆ ಗಿಡ ಮತ್ತು ನಸುಗುನ್ನಿ ಕಾಯಿ ಎರಡರ ಗುರುತನ್ನೂ ತೋಟದವರ ಹತ್ತಿರ ಕೇಳಿ ತಿಳಿದುಕೊಳ್ಳಿ. ಹೊಳೆಗೇರು ಮರದ ಗುರುತು ಇನ್ನೂ ಮುಖ್ಯ. ಅದರ ಸೊನೆ ತಾಗಿದರೆ ಚರ್ಮ ಸುಟ್ಟಂತೆ ಬೊಕ್ಕೆ ಏಳುತ್ತದೆ. ತೊಗಟೆಯ ಮೇಲೆ ಕಪ್ಪು ಸೊನೆ ಇಳಿದ ಕಲೆ ಕಂಡರೆ ಆ ಮರಕ್ಕೆ ಒರಗಬೇಡಿ, ಹಗ್ಗ ಕಟ್ಟಬೇಡಿ, ಅದರ ಸೌದೆ ಉರಿಸಬೇಡಿ.

## 6. ಬಿಡಾರದ ಜಾಗ ಆರಿಸೋದು

ಇಲ್ಲಿ ಒಂದು ತಾಸು ಹೋದರೂ ಪರವಾಗಿಲ್ಲ. ನೋಡುವ ಕ್ರಮ ಹೀಗಿರಲಿ: ಮೊದಲು ಮೇಲೆ, ಆಮೇಲೆ ಕೆಳಗೆ, ಕೊನೆಗೆ ಸುತ್ತ.

ಮೇಲೆ ನೋಡೋದು ಒಣ ಕೊಂಬೆಗಾಗಿ. ಕಾಡಲ್ಲಿ ಮಲಗಿದವರಿಗೆ ಹುಲಿಗಿಂತ ದೊಡ್ಡ ಅಪಾಯ ಇದೇ. ಗಾಳಿ ಇರಲೇಬೇಕಂತಿಲ್ಲ, ಮಳೆನೀರು ಕುಡಿದು ಭಾರವಾದ ಸತ್ತ ಕೊಂಬೆ ತಣ್ಣಗಿನ ರಾತ್ರಿಯಲ್ಲೂ ಕಳಚಿ ಬೀಳುತ್ತದೆ. ನೀವು ಮಲಗುವ ಜಾಗದ ಮೇಲೆ ಮಾತ್ರ ಅಲ್ಲ, ಓರೆಯಾಗಿ ಬಿದ್ದರೆ ಮುಟ್ಟುವಷ್ಟು ದೂರದ ಒಣಮರವನ್ನೂ ಲೆಕ್ಕಕ್ಕೆ ತಗೊಳ್ಳಿ.

ಕೆಳಗೆ ನೋಡೋದು ನೀರಿಗಾಗಿ. ಹಳ್ಳದ ದಂಡೆ ಚಂದ, ಮರಳು ಮೆತ್ತಗೆ, ಎಲ್ಲರೂ ಅಲ್ಲೇ ಇಳಿಯುತ್ತಾರೆ. ನಿಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾದರೆ ಅರ್ಧ ಗಂಟೆಯಲ್ಲಿ ಹಳ್ಳ ಏರಬಹುದು. ಪೊದೆಗಳ ಮೇಲೆ ಸಿಕ್ಕಿಕೊಂಡ ಕಸಕಡ್ಡಿ ನೋಡಿ, ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೊತ್ತಾಗುತ್ತದೆ. ಅದಕ್ಕಿಂತ ಎರಡಾಳೆತ್ತರ ಮೇಲಿರಿ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಹಳ್ಳದ ಸದ್ದು ದಪ್ಪವಾದರೆ ದಂಡೆಯಲ್ಲಿ ಒಂದು ನಿಮಿಷವೂ ನಿಲ್ಲಬಾರದು.

ಸುತ್ತ ನೋಡೋದು ಪ್ರಾಣಿಗಳ ದಾರಿಗಾಗಿ. ಗುಡ್ಡದ ಏಣು, ಎರಡು ಗುಡ್ಡಗಳ ನಡುವಿನ ತಗ್ಗು, ಹಳ್ಳ ದಾಟುವ ಸಮತಟ್ಟು ಜಾಗ ಇವು ಆನೆ ಮತ್ತು ಕಾಟಿಯ (ಕಾಡುಕೋಣದ) ರಸ್ತೆ. ಸವೆದ ನೆಲ, ಲದ್ದಿ, ಮೈ ಉಜ್ಜಿದ ಕೆಸರು ಮೆತ್ತಿದ ಮರ ಕಂಡರೆ ಮುಂದೆ ನಡೆಯಿರಿ. ಹಣ್ಣು ಬಿಟ್ಟ ಅತ್ತಿ, ಹಲಸು, ಬಗನಿ ಮರದ ಕೆಳಗೂ ಬೇಡ, ರಾತ್ರಿಯಿಡೀ ಅತಿಥಿಗಳು ಬರುತ್ತಾರೆ. ಹುತ್ತ, ಕಲ್ಲಿನ ಪೊಟರೆ, ಹಳೆಯ ಟೊಳ್ಳು ಮರ, ಇರುವೆ ಸಾಲು, ಹೆಜ್ಜೇನು ಇವುಗಳಿಂದಲೂ ದೂರ.

ಗುಡ್ಡದ ತುದಿಯಲ್ಲೂ ಬೇಡ, ಸಿಡಿಲಿನ ಭಯ. ಇಳಿಜಾರಿನ ನಡುಭಾಗದಲ್ಲಿ, ಎತ್ತರ ಸುಮಾರಾಗಿ ಒಂದೇ ಇರುವ ಗಟ್ಟಿ ಮರಗಳ ನಡುವೆ, ನೀರಿಗೆ ಹತ್ತು ನಿಮಿಷದ ದೂರದಲ್ಲಿ ಇದ್ದರೆ ಸಾಕು.

## 7. ಸೂರು ಮೊದಲು, ಜೋಲಿ ಆಮೇಲೆ

ಬ್ಯಾಗ್ ಬಿಚ್ಚುವ ಮೊದಲು ಟಾರ್ಪಾಲ್ ಕಟ್ಟಿ. ಅದಕ್ಕೇ ಟಾರ್ಪಾಲ್ ಬ್ಯಾಗಿನ ತೀರಾ ಮೇಲ್ಗಡೆ ಇರಬೇಕು. ಬಿಸಿಲಿದೆಯಲ್ಲ, ಮೊದಲು ಅಡುಗೆ ಮಾಡಿಬಿಡೋಣ ಅನ್ನೋದೇ ಮಾಮೂಲಿ ತಪ್ಪು.

ತೊಡೆಗಿಂತ ದಪ್ಪದ, ಜೀವಂತ ಮರ ಎರಡು, ನಡುವೆ 12ರಿಂದ 15 ಅಡಿ. ತಲೆಗಿಂತ ಸ್ವಲ್ಪ ಎತ್ತರಕ್ಕೆ ಹಗ್ಗ ಬಿಗಿಯಾಗಿ ಎಳೆದು ಕಟ್ಟಿ, ಅದರ ಮೇಲೆ ಟಾರ್ಪಾಲ್ ಹಾಕಿ ಎರಡೂ ಬದಿಗೆ ಇಳಿಬಿಡಿ. ನಾಲ್ಕು ಮೂಲೆ ಮತ್ತು ಎರಡೂ ಅಂಚಿನ ನಡುವನ್ನು ಗೂಟಕ್ಕೆ ಎಳೆದು ಕಟ್ಟಬೇಕು. ಎಲ್ಲೂ ಹೊಟ್ಟೆ ಬಿಟ್ಟಿರಬಾರದು. ಹೊಟ್ಟೆ ಬಿಟ್ಟಲ್ಲಿ ನೀರು ನಿಂತು, ಮಧ್ಯರಾತ್ರಿ ಎಲ್ಲ ಒಟ್ಟಿಗೆ ಮೈಮೇಲೆ ಸುರಿಯುತ್ತದೆ. ಗಾಳಿ ಬರುವ ಬದಿಯನ್ನು ತಗ್ಗಾಗಿ ಎಳೆಯಿರಿ.

ಜೋಲಿಯನ್ನು ಟಾರ್ಪಾಲಿನ ಕೆಳಗೆ, ಕೂತರೆ ಕುರ್ಚಿಯಷ್ಟು ಎತ್ತರಕ್ಕೆ ಬರುವಂತೆ, ಸ್ವಲ್ಪ ಸಡಿಲವಾಗಿ ಕಟ್ಟಿ. ತುಂಬ ಬಿಗಿದರೆ ಹಗ್ಗಕ್ಕೂ ಭಾರ, ಸೊಂಟಕ್ಕೂ ನೋವು. ಮಲಗುವಾಗ ನೇರ ಮಲಗದೆ ಸ್ವಲ್ಪ ಓರೆಯಾಗಿ ಮಲಗಿದರೆ ಬೆನ್ನು ಚಪ್ಪಟೆಯಾಗಿ ಇರುತ್ತದೆ.

ಈಗ ಬಹಳ ಜನ ಮರೆಯುವ ಕೆಲಸ. ಮರದ ಮೇಲೆ ಇಳಿದ ಮಳೆನೀರು ಕಟ್ಟಿದ ಪಟ್ಟಿಯ ಮೂಲಕವೇ ಹರಿದು ಜೋಲಿಗೆ ಬರುತ್ತದೆ. ಟಾರ್ಪಾಲ್ ಎಷ್ಟು ದೊಡ್ಡದಾದರೂ ಇದು ನಿಲ್ಲೋದಿಲ್ಲ. ಜೋಲಿಯ ಎರಡೂ ಕಡೆಯ ಹಗ್ಗಕ್ಕೆ, ಟಾರ್ಪಾಲಿನ ನೆರಳೊಳಗೆ, ಒಂದು ಗೇಣು ದಾರ ಕಟ್ಟಿ ಕೆಳಗೆ ಇಳಿಬಿಡಿ. ಹರಿದು ಬಂದ ನೀರು ಆ ದಾರ ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ.

ಇನ್ನೊಂದು, ಬೆನ್ನಿನ ಚಳಿ. ಜೋಲಿಯ ಅಡಿಯಿಂದ ಗಾಳಿ ಆಡುತ್ತದೆ, ಮೇಲೆ ಎಷ್ಟು ಹೊದ್ದರೂ ಕೆಳಗಿಂದ ಮೈ ತಣ್ಣಗಾಗುತ್ತದೆ. ಫೋಮ್ ಚಾಪೆಯನ್ನು ಜೋಲಿಯೊಳಗೆ ಹಾಸಿ, ಅದರ ಮೇಲೆ ಮಲಗಿ.

ನೆಲದಲ್ಲೇ ಮಲಗುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಉಂಬಳ (ಜಿಗಣೆ), ಚೇಳು, ರಾತ್ರಿ ಓಡಾಡುವ ಕಟ್ಟುಹಾವು, ಹರಿದು ಬರುವ ನೀರು ಇವೆಲ್ಲ ನೆಲದ ಮೇಲೆಯೇ ಇರೋದು.

## 8. ನೀರು

ಹರಿಯುವ ತಿಳಿನೀರು ಕಂಡ ತಕ್ಷಣ ಬೊಗಸೆಯಲ್ಲಿ ಕುಡಿಯೋ ಆಸೆ ಆಗುತ್ತದೆ. ಮೇಲೆ ಎಲ್ಲೋ ಕಾಟಿ ಹೊರಳಾಡಿರಬಹುದು, ಇಲಿ ಉಚ್ಚೆ ಹೊಯ್ದಿರಬಹುದು. ಇಲಿಜ್ವರ ಬರೋದು ಇಂಥ ನೀರಿನಿಂದಲೇ. ಕಾಲಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಲೂ ಬಾರದು.

ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಕುದಿಸಿ. ಗುಳ್ಳೆ ಎದ್ದು ಮಳಮಳ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಬೆಂಕಿ ಆಗದಿದ್ದರೆ ಕ್ಲೋರಿನ್ ಮಾತ್ರೆ. ಪೊಟ್ಟಣದ ಮೇಲೆ ಎಷ್ಟು ಲೀಟರಿಗೆ ಒಂದು ಅಂತ ಬರೆದಿರುತ್ತದೆ, ಅಷ್ಟೇ ಹಾಕಿ ಅರ್ಧ ಗಂಟೆ ಬಿಡಿ. ಕೆಂಪು ನೀರಿಗೆ ಮಾತ್ರೆ ಸರಿಯಾಗಿ ಕೆಲಸ ಮಾಡೋದಿಲ್ಲ, ಮೊದಲು ತಿಳಿಯಾಗೋಕೆ ಬಿಡಿ.

ಕಾಡಿನ ನೆರಳಲ್ಲಿ ಬಾಯಾರಿಕೆ ಗೊತ್ತಾಗೋದಿಲ್ಲ, ಬೆವರು ಮಾತ್ರ ಸುರಿಯುತ್ತಿರುತ್ತದೆ. ಉಚ್ಚೆ ಗಾಢ ಹಳದಿಯಾದರೆ, ತಲೆ ಭಾರವಾದರೆ ನೀರು ಕಡಿಮೆಯಾಗಿದೆ ಅಂತ ಅರ್ಥ. ಓಆರ್‌ಎಸ್ ಮುಗಿದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಿಸಬೇಡಿ, ಉಪ್ಪು ಜಾಸ್ತಿಯಾದರೆ ಕೆಡುಕು.

## 9. ಒದ್ದೆ ಕಾಡಲ್ಲಿ ಬೆಂಕಿ

ತೋಟದವರು ಒಪ್ಪಿದರೆ ಮಾತ್ರ, ಖಾಸಗಿ ಜಾಗದಲ್ಲಿ ಮಾತ್ರ. ತರಗೆಲೆ ಒಣಗಿದ ಕಾಲದಲ್ಲಿ ಎಲ್ಲೂ ಬೇಡ, ಬೆಂಕಿ ಮುಟ್ಟದೆ ತಿನ್ನುವ ಆಹಾರ ತನ್ನಿ.

ಬೆಂಕಿ ಹತ್ತದೆ ಕಡ್ಡಿ ಪೊಟ್ಟಣ ಖಾಲಿ ಮಾಡುವವರು ಮಾಡುವ ತಪ್ಪು ಒಂದೇ. ಮೊದಲು ಕಡ್ಡಿ ಗೀರಿ ಆಮೇಲೆ ಸೌದೆ ಹುಡುಕುತ್ತಾರೆ. ಕ್ರಮ ತಿರುಗಾಮುರುಗಾ ಆಗಬೇಕು.

ನೆಲದ ಮೇಲೆ ಬಿದ್ದ ಸೌದೆ ಒಳಗಿನ ತನಕ ನೆಂದಿರುತ್ತದೆ, ಅದನ್ನು ಮುಟ್ಟಬೇಡಿ. ನಿಂತಲ್ಲೇ ಒಣಗಿದ ತೆಳು ಮರ, ಬೇರೆ ಮರಕ್ಕೆ ಸಿಕ್ಕಿ ನೇತಾಡುವ ಒಣ ಕೊಂಬೆ, ಒಣ ಬಿದಿರು ಹುಡುಕಿ. ಬಾಗಿಸಿದರೆ ಪಟಕ್ಕನೆ ಮುರಿಯಬೇಕು. ಮಣಿಕಟ್ಟಿನ ದಪ್ಪದ ತುಂಡನ್ನು ಕತ್ತಿಯಿಂದ ನಾಲ್ಕಾಗಿ ಸೀಳಿ. ಹೊರಗೆ ಒದ್ದೆ ಇದ್ದರೂ ತಿರುಳು ಒಣಗಿರುತ್ತದೆ. ಆ ತಿರುಳಿನಿಂದ ಚಾಕುವಿನಲ್ಲಿ ತೆಳ್ಳಗೆ ಸುರುಳಿ ಸುರುಳಿಯಾಗಿ ಕೆತ್ತಿ, ಎರಡು ಮುಷ್ಟಿ ತುಂಬುವಷ್ಟು.

ಈಗ ಮೂರು ರಾಶಿ ಮಾಡಿ: ಕೆತ್ತಿದ ಸುರುಳಿ, ಬೆರಳಿನ ದಪ್ಪದ್ದು, ಮಣಿಕಟ್ಟಿನ ದಪ್ಪದ್ದು. ಮೂರೂ ಟಾರ್ಪಾಲಿನ ಕೆಳಗೆ ಇರಲಿ, ಒಲೆ ಮಾತ್ರ ಅಂಚಿನ ಹೊರಗೆ, ಟಾರ್ಪಾಲ್ ಕರಗದಷ್ಟು ದೂರ. ಒದ್ದೆ ನೆಲದ ಮೇಲೆ ನೇರ ಹಚ್ಚಬೇಡಿ, ಹಸಿ ಕೋಲುಗಳನ್ನು ಒತ್ತಾಗಿ ಜೋಡಿಸಿ ಅದರ ಮೇಲೆ ಹಚ್ಚಿ. ಹೊಳೆಯಿಂದ ತಂದ ಕಲ್ಲು ಒಲೆಗೆ ಬೇಡ, ಒಳಗಿನ ನೀರು ಕಾದು ಕಲ್ಲು ಸಿಡಿಯುತ್ತದೆ.

ಹಳೆಯ ಸೈಕಲ್ ಟ್ಯೂಬನ್ನು ಬೆರಳುದ್ದ ಕತ್ತರಿಸಿ ತಂದಿರಿ. ಒದ್ದೆಯಾದರೂ ಹತ್ತುತ್ತದೆ, ಹಲವು ನಿಮಿಷ ಉರಿಯುತ್ತದೆ. ಇಲ್ಲವಾದರೆ ಮೇಣದ ಬತ್ತಿಯ ತುಂಡು. ಕೆಳಗೆ ಬಿದ್ದ ಧೂಪದ ಅಂಟು ಸಿಕ್ಕರೆ ಅದೂ ಚೆನ್ನಾಗಿ ಉರಿಯುತ್ತದೆ, ಅದಕ್ಕಾಗಿ ಮರಕ್ಕೆ ಕಚ್ಚು ಹಾಕಬೇಡಿ.

ಕತ್ತಿ ಬೀಸುವಾಗ ಮಂಡಿಯೂರಿ ಕೂತು, ಮರದ ತುಂಡಿನ ಮೇಲಿಟ್ಟು ಸೀಳಿ. ಕತ್ತಲಾದ ಮೇಲೆ ಕತ್ತಿ ಮುಟ್ಟಲೇಬೇಡಿ. ಒಬ್ಬರೇ ಇದ್ದಾಗ ಸಣ್ಣ ಗಾಯವೂ ದೊಡ್ಡದು.

ಮಲಗುವ ಮೊದಲು ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಕೈ ಇಟ್ಟು ತಣ್ಣಗಾಗಿದೆಯಾ ನೋಡಿ.

## 10. ಊಟ

ಕಾಡಿನದ್ದು ತಿನ್ನೋಕೆ ಹೋಗಬೇಡಿ. ಗೊತ್ತಿಲ್ಲದ ಅಣಬೆ, ಗೆಡ್ಡೆ, ಹಣ್ಣು ಯಾವುದೂ ಬೇಡ. ಕೆಲವು ಕಾಡುಗೆಣಸು ಹಲವು ನೀರಲ್ಲಿ ಬೇಯಿಸದಿದ್ದರೆ ವಿಷ. ಮೂರು ರಾತ್ರಿಗೆ ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಬೆಳ್ತಿಗೆ ಅಕ್ಕಿ, ಹೆಸರುಬೇಳೆ, ಉಪ್ಪಿನಕಾಯಿ, ಶೇಂಗಾ ಸಾಕು. ಕುಚ್ಚಲಕ್ಕಿ ಬೇಯೋಕೆ ಜಾಸ್ತಿ ಸೌದೆ ಬೇಕು, ಮನೆಯಲ್ಲೇ ಬಿಟ್ಟು ಬನ್ನಿ.

ಬಿಸಿ ಊಟ ಸಂಜೆ 5ಕ್ಕೇ ಮುಗಿಸಿ. ಉಳಿದ ಆಹಾರವನ್ನು ಡಬ್ಬಿಯಲ್ಲಿ ಹಾಕಿ, ಮಲಗುವ ಜಾಗದಿಂದ 50 ಹೆಜ್ಜೆ ಆಚೆ ಹಗ್ಗದಲ್ಲಿ ಎತ್ತರಕ್ಕೆ ತೂಗು ಹಾಕಿ. ಉಪ್ಪು, ಬೆಲ್ಲದ ವಾಸನೆ ಪ್ರಾಣಿಗಳನ್ನು ಕರೆಯುತ್ತದೆ. ಬಾಳೆಹಣ್ಣು, ಹಲಸು ತರಲೇಬೇಡಿ.

## 11. ರಾತ್ರಿ

ಹೊರಗೆ ಇನ್ನೂ ಬೆಳಕಿದ್ದರೂ ದಟ್ಟ ಕಾಡಿನೊಳಗೆ ಬೇಗ ಕತ್ತಲಾಗುತ್ತದೆ. 4 ಗಂಟೆ ಅಂದಿದ್ದು ಅದಕ್ಕೇ.

ಮೈ ಒರೆಸಿಕೊಂಡು, ಉಣುಗು ಇದೆಯಾ ನೋಡಿ, ಒಣ ಜೊತೆ ಹಾಕಿಕೊಳ್ಳಿ. ಒದ್ದೆ ಬಟ್ಟೆಯನ್ನು ಟಾರ್ಪಾಲಿನ ಕೆಳಗಿನ ಹಗ್ಗಕ್ಕೆ ಹಾಕಿ, ಬೂಟನ್ನು ತಲೆಕೆಳಗಾಗಿ ಕೋಲಿಗೆ ಸಿಕ್ಕಿಸಿ. ಬೆಳಿಗ್ಗೆ ಮತ್ತೆ ಅದೇ ಒದ್ದೆ ಬಟ್ಟೆ ಹಾಕಬೇಕು. ತುಂಬಾ ಬೇಸರದ ಕೆಲಸ, ಆದರೆ ಹತ್ತು ನಿಮಿಷ ನಡೆದರೆ ಮೈ ಬೆಚ್ಚಗಾಗುತ್ತದೆ. ಇವತ್ತೊಂದು ದಿನ ಒಣ ಬಟ್ಟೆಯಲ್ಲೇ ಇರೋಣ ಅಂದವರಿಗೆ ಎರಡನೇ ರಾತ್ರಿ ಒಣ ಬಟ್ಟೆಯೇ ಇರೋದಿಲ್ಲ.

ಟಾರ್ಚ್, ನೀರು, ಸೀಟಿ ಮೂರೂ ಪ್ರತಿ ರಾತ್ರಿ ಅದೇ ಜಾಗದಲ್ಲಿ ಇರಬೇಕು.

ಮೊದಲ ರಾತ್ರಿ ಭಯ ಆಗುತ್ತದೆ, ಆಗಲಿ. ಜೀರುಂಡೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮೇಲಿಂದ ಹಣ್ಣು ಬೀಳುತ್ತದೆ. ಕಬ್ಬೆಕ್ಕು, ಹಾರುವ ಅಳಿಲು ಓಡಾಡಿದರೂ ಆನೆ ಬಂದಂತೆ ಕೇಳುತ್ತದೆ. ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಪದೇ ಪದೇ ಬೊಗಳಿದರೆ ಹತ್ತಿರ ಚಿರತೆಯೋ ಮತ್ತೊಂದೋ ಇದೆ ಅಂತ ಅರ್ಥ, ಟಾರ್ಚ್ ಹಾಕಿ ಜೋರಾಗಿ ಮಾತಾಡಿ. ಕೊಂಬೆ ಮುರಿಯುವ ಸದ್ದು, ಹೊಟ್ಟೆಯ ಗುಡುಗುಡು, ಲದ್ದಿಯ ವಾಸನೆ ಒಟ್ಟಿಗೆ ಬಂದರೆ ಆನೆ. ಟಾರ್ಚ್ ಅದರ ಮುಖಕ್ಕೆ ಬಿಡಬೇಡಿ, ಕೂಗಬೇಡಿ. ಸಾಮಾನು ಬಿಟ್ಟು ಸದ್ದಿಲ್ಲದೆ ಅದರಿಂದ ದೂರಕ್ಕೆ, ದಪ್ಪ ಮರಗಳ ಹಿಂದೆ ಸರಿಯಿರಿ.

ಇದೊಂದನ್ನು ಬಿಟ್ಟರೆ ರಾತ್ರಿ ಯಾವ ನಿರ್ಧಾರವನ್ನೂ ಮಾಡಬಾರದು. ಮನೆಗೆ ಹೋಗಿಬಿಡೋಣ ಅಂತ ಕತ್ತಲಲ್ಲಿ ಹೊರಟವರೇ ಕಾಲು ಮುರಿದುಕೊಳ್ಳೋದು. ಬೆಳಕಾದ ಮೇಲೂ ಹೋಗಬೇಕು ಅನ್ನಿಸಿದರೆ ಹೋಗಿ, ಅದರಲ್ಲಿ ಯಾವ ನಾಚಿಕೆಯೂ ಇಲ್ಲ.

## 12. ಉಂಬಳ, ಉಣುಗು, ಕಾಲು

ಉಂಬಳಕ್ಕೆ ಹೆದರಬೇಕಾಗಿಲ್ಲ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಹೊಗೆಸೊಪ್ಪು, ಸುಣ್ಣ ಕಲಸಿದ ನೀರನ್ನು ಬೂಟಿಗೆ ಹಚ್ಚೋದು ಮಲೆನಾಡಿನ ಹಳೆಯ ರೂಢಿ, ಚರ್ಮಕ್ಕೆ ಮಾತ್ರ ತಾಗದಿರಲಿ. ಕಚ್ಚಿದರೆ ಕಿತ್ತು ಎಳೆಯಬೇಡಿ, ಬಾಯಿಯ ಕಡೆ ಉಗುರು ತೂರಿಸಿ ಜಾರಿಸಿ. ಅದರ ಎಂಜಲಿನಿಂದ ರಕ್ತ ಬೇಗ ಹೆಪ್ಪುಗಟ್ಟೋದಿಲ್ಲ, ಸೋರುತ್ತಲೇ ಇರುತ್ತದೆ. ಒತ್ತಿ ಹಿಡಿದು, ತೊಳೆದು, ಪಟ್ಟಿ ಹಾಕಿ. ಕೆರೆಯಬೇಡಿ.

ಉಣುಗಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಆರೋಗ್ಯ ಇಲಾಖೆ ಮಲೆನಾಡಲ್ಲಿ ಹಂಚುವ ಡೀಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ದಿನಕ್ಕೆ ಎರಡು ಸಲ ಕಂಕುಳು, ತೊಡೆಸಂದಿ, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿ. ಮರಿ ಉಣುಗು ಸಾಸಿವೆಗಿಂತ ಚಿಕ್ಕದಿರಬಹುದು, ಬೆರಳು ಆಡಿಸಿ ಹುಡುಕಬೇಕು. ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೀಡಿಯಿಂದ ಸುಡೋದು, ಸೀಮೆಎಣ್ಣೆ ಹಾಕೋದು ತಪ್ಪು.

ಕಾಲನ್ನು ರಾತ್ರಿಯಿಡೀ ಒಣಗಿಸಬೇಕು. ಬೆರಳುಸಂದಿ ಬೆಳ್ಳಗಾಗಿ ಸುಕ್ಕುಗಟ್ಟಿ, ತುರಿಸಿ, ವಾಸನೆ ಬಂದರೆ ಕೆಸರುಹುಣ್ಣು ಶುರುವಾಗಿದೆ. ಒರೆಸಿ, ಪೌಡರ್ ಹಾಕಿ, ಒಣ ಕಾಲುಚೀಲ ಹಾಕಿ ಮಲಗಿ. ಪಾದ ಮರಗಟ್ಟಿದಂತೆ ಆದರೆ ಮರುದಿನವೇ ಹೊರಗೆ ಬನ್ನಿ.

## 13. ದಾರಿ ತಪ್ಪಿದರೆ, ಹಾವು ಕಚ್ಚಿದರೆ

ದಾರಿ ತಪ್ಪಿದೆ ಅಂತ ಅನ್ನಿಸಿದ ಕ್ಷಣ ನಿಂತುಬಿಡಿ. ಕೂತು ನೀರು ಕುಡಿಯಿರಿ. ಕೊನೆಯ ಗುರುತು ಹತ್ತು ನಿಮಿಷದೊಳಗಿನದ್ದು ಅಂತ ಖಾತ್ರಿ ಇದ್ದರೆ ಮಾತ್ರ ಹಿಂದೆ ಹೋಗಿ. ಇಲ್ಲವಾದರೆ ಅಲ್ಲೇ ಇದ್ದು ಮೂರು ಸೀಟಿ ಹೊಡೆಯಿರಿ, ಒಂದು ನಿಮಿಷ ಕಿವಿಗೊಡಿ, ಮತ್ತೆ ಮೂರು. ಬರೆದು ಕೊಟ್ಟ ಚೀಟಿ ಈಗ ಕೆಲಸ ಮಾಡುತ್ತದೆ.

ಹಳ್ಳ ಹಿಡಿದು ಕೆಳಗೆ ಹೋದರೆ ಊರು ಸಿಗುತ್ತದೆ ಅನ್ನೋದನ್ನು ಘಟ್ಟದಲ್ಲಿ ಪಾಲಿಸಬೇಡಿ. ಪಡುವಣಕ್ಕೆ ಇಳಿಯುವ ಹಳ್ಳಗಳು ಹಾದಿಯಲ್ಲಿ ಜಲಪಾತವಾಗಿ ಧುಮುಕುತ್ತವೆ. ಬರ್ಕಣ, ಒನಕೆ ಅಬ್ಬಿ ಇದೇ ಆಗುಂಬೆಯ ಸುತ್ತ ಇರುವಂಥವು. ಪಾಚಿ ಕಟ್ಟಿದ ಬಂಡೆಯಲ್ಲಿ ಇಳಿಯೋದು ಸುಲಭ, ವಾಪಸ್ ಹತ್ತೋಕೆ ಆಗೋದಿಲ್ಲ.

ಫೋನನ್ನು ಮೊದಲಿನಿಂದಲೂ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಬ್ಯಾಟರಿ ಉಳಿಸಿರಿ. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗಬಹುದು. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಸಹಾಯವಾಣಿ 1926.

ಹಾವು ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಉಂಗುರ, ವಾಚು ತೆಗೆಯಿರಿ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಕೋಲಿಟ್ಟು ಬೈರಾಸಿನಿಂದ ಕಟ್ಟಿ. ಫೋನ್ ಸಿಕ್ಕರೆ, ಸೀಟಿಗೆ ಉತ್ತರ ಬಂದರೆ ಅಲ್ಲೇ ಮಲಗಿ ಕಾಯಿರಿ. ಯಾರೂ ಬರುವ ದಾರಿ ಇಲ್ಲದಿದ್ದರೆ ಮಾತ್ರ ನಿಧಾನವಾಗಿ, ನಿಂತು ನಿಂತು ನಡೆಯಿರಿ. ನಮ್ಮಲ್ಲಿ ಸಿಗುವ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಘಟ್ಟದ ಕಾಡಿನ ಗುಳಿ ಮಂಡಲಗಳಿಗೆ, ಕಾಳಿಂಗಕ್ಕೆ ಅದು ಮದ್ದಲ್ಲ. ಹಾಗಂತ ಆಸ್ಪತ್ರೆ ಬಿಡಬಾರದು, ಉಸಿರಾಟ, ಕಿಡ್ನಿ, ರಕ್ತಸ್ರಾವ ನೋಡಿಕೊಳ್ಳೋಕೆ ಅಲ್ಲಿಗೇ ಹೋಗಬೇಕು. ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಹೊರಡುವ ಮೊದಲೇ ವಿಚಾರಿಸಿ, ಅದೇ ಚೀಟಿಯಲ್ಲಿ ಬರೆಯಿರಿ.

## 14. ಹೊರಗೆ ಬಂದ ಮೇಲೆ

ಮೊದಲು ಆ ಇಬ್ಬರಿಗೆ ಬಂದೆ ಅಂತ ತಿಳಿಸಿ. ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ನೆನೆಸಿ, ಬ್ಯಾಗನ್ನು ಮನೆಯೊಳಗೆ ತರದೆ ಬಿಸಿಲಿಗೆ ಹಾಕಿ, ಮೈಯನ್ನು ಇನ್ನೊಮ್ಮೆ ಪೂರ್ತಿ ನೋಡಿಕೊಳ್ಳಿ.

ಮುಂದಿನ ಮೂರು ವಾರ ಜ್ವರದ ಮೇಲೆ ಕಣ್ಣಿರಲಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ತಲೆನೋವು, ಮೈಕೈ ನೋವಿನ ಜೊತೆ ದಿಢೀರ್ ಜ್ವರವಾಗಿ ಬರುತ್ತದೆ. ಇಲಿಜ್ವರಕ್ಕೆ ಇನ್ನೂ ಜಾಸ್ತಿ ದಿನ ಹಿಡಿಯಬಹುದು. ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗೋದು ಅದರ ಗುರುತು. ಮೈಮೇಲೆ ನೋವಿಲ್ಲದ ಕಪ್ಪು ಹಕ್ಕಳೆಯ ಸಣ್ಣ ಗಾಯ ಕಂಡರೆ ಸ್ಕ್ರಬ್ ಟೈಫಸ್ ಇರಬಹುದು. ಮೂರಕ್ಕೂ ಶುರುವಲ್ಲಿ ಬರೀ ಜ್ವರ, ಮೈಕೈ ನೋವೇ ಕಾಣಿಸೋದರಿಂದ ಸುಮ್ನೆ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರ್ ಹತ್ತಿರ ಹೋದಾಗ ಕಾಡಲ್ಲಿ ಮಲಗಿ ಬಂದಿದ್ದೇನೆ, ಇಂಥ ದಿನ ಇಂಥ ಊರಿನ ಹತ್ತಿರ, ಉಣುಗು ಕಚ್ಚಿತ್ತು ಅಂತ ಅವರು ಕೇಳುವ ಮೊದಲೇ ಹೇಳಿ.